ಯೂನಿವರ್ಸಿಟಿ ಹೆಸರು ಆಮೇಲೆ, ಮೊದ್ಲು ಕಾಲೇಜು ನೋಡಿ

ಭತ್ತದ ಒಟ್ಲು ಹಾಕೋ ಟೈಮಿಗೇ ಸಿಇಟಿ ಸೀಟಿನ ಗಡಿಬಿಡಿನೂ ಬರುತ್ತೆ. ಅಗ್ರಿ ಬಿಎಸ್ಸಿಗೆ ಯಾವ ಯೂನಿವರ್ಸಿಟಿ ಒಳ್ಳೇದು ಅಂತ ಈ ವಾರ ಮೂರು ಜನ ಕೇಳಿದ್ರು. ಎಲ್ಲರಿಗೂ ಒಟ್ಟಿಗೇ ಬರೀತಿದ್ದೀನಿ.

ಮೊದಲು ಕೋರ್ಸು. ಕೃಷಿ, ತೋಟಗಾರಿಕೆ, ಅರಣ್ಯ, ರೇಷ್ಮೆ ಎಲ್ಲಾ ಬೇರೆ ಬೇರೆ ಡಿಗ್ರಿ. ಬೆಂಗಳೂರು ಕೃಷಿ ವಿವಿ ಶುರುವಾಗಿದ್ದು 1964ರಲ್ಲಿ, ಧಾರವಾಡದ್ದು 1986ರಲ್ಲಿ. ರಾಯಚೂರು, ಶಿವಮೊಗ್ಗ ಆಮೇಲೆ ಬಂದವು. ತೋಟಗಾರಿಕೆಗೆ ಅಂತಲೇ ಬಾಗಲಕೋಟೆ ವಿವಿ ಇದೆ.

ಎರಡನೇದು, ಜನ ಮರೆಯೋದು ಇದನ್ನೇ: ಯೂನಿವರ್ಸಿಟಿ ಒಂದು, ಕಾಲೇಜು ಹಲವು. ಬೆಂಗಳೂರು ಕೃಷಿ ವಿವಿ ಅಂದ್ರೆ ಜಿಕೆವಿಕೆ ಒಂದೇ ಅಲ್ಲ. ರೇಷ್ಮೆಗೆ ಚಿಂತಾಮಣಿನೂ ಅದರದ್ದೇ. ನಮ್ಮ ಮಂಡ್ಯದ ವಿ.ಸಿ. ಫಾರಂ, ಹಾಸನದ ಕಾರೇಕೆರೆ ಕೂಡ ಅದರಡಿಯಲ್ಲೇ ಇದ್ದವು. ಬಾಗಲಕೋಟೆ ವಿವಿಯ ಕಾಲೇಜು ಕೋಲಾರದಲ್ಲೂ ಇದೆ. ಮಗು ನಾಲ್ಕು ವರ್ಷ ಇರೋದು ಆ ಕಾಲೇಜಲ್ಲಿ. 'ಬೆಂಗಳೂರಿನ ಕ್ಯಾಂಪಸ್ ಅಲ್ವಲ್ಲ' ಅಂತ ಮೂಗು ಮುರಿಯೋರು ಒಂದು ನೆನಪಿಟ್ಕೊಳ್ಳಿ. ನಮ್ಮಪ್ಪಂದಿರು ಬಿತ್ತಿ ಬೆಳೆದ ಇಂಡಾಫ್ ರಾಗಿ ತಳಿಗಳನ್ನ ಲಕ್ಷ್ಮಣಯ್ಯನವರು ತೆಗೆದಿದ್ದು ಇದೇ ವಿ.ಸಿ. ಫಾರಂನಲ್ಲಿ.

ಮೂರನೇದು ಖಾಸಗಿಯವರ ವಿಚಾರ. ನಮ್ಮೂರಿನ ಒಬ್ಬರಿಗೆ ಏಜೆಂಟ್ ಫೋನ್ ಮಾಡಿ, ಎರಡು ದಿನದಲ್ಲಿ ಅಡ್ವಾನ್ಸ್ ಕಟ್ಟಿ, ಇಲ್ದಿದ್ರೆ ಸೀಟು ಹೋಯ್ತು ಅಂದ. ಅವರು ಕಾಲುವೆ ಪಕ್ಕದ ಇಪ್ಪತ್ತು ಗುಂಟೆ ಮಾರೋಕೆ ಹೊರಟಿದ್ರು. ನಾನೂ ಜೊತೆಗೆ ಹೋಗಿ ಕ್ಯಾಂಪಸ್ ನೋಡ್ದೆ. ಗಾಜಿನ ಕಟ್ಟಡ, ತಣ್ಣಗೆ ಎಸಿ. ಫಾರಂ ಎಲ್ಲಿ ಸ್ವಾಮಿ ಅಂದ್ರೆ ಹಿಂದ್ಗಡೆ ಕರ್ಕೊಂಡೋದ್ರು. ಭತ್ತ ಕುಂಡದಲ್ಲಿತ್ತು! ಐಸಿಎಆರ್ ಮಾನ್ಯತೆ ಪತ್ರ ತೋರಿಸಿ ಅಂದಾಗ 'ಪ್ರೋಸೆಸ್‌ನಲ್ಲಿದೆ' ಅಂದ್ರು. ಅವರು ಅಡ್ವಾನ್ಸ್ ಕಟ್ಟದೆ ವಾಪಸ್ ಬಂದ್ರು. ಗದ್ದೆ ಉಳೀತು. ಹುಡುಗಿ ಸರ್ಕಾರಿ ಸೀಟಿಗೇ ಆಪ್ಷನ್ ಹಾಕಿದ್ದಾಳೆ, ಸಿಗುತ್ತೋ ಇಲ್ವೋ ಇನ್ನೂ ಗೊತ್ತಿಲ್ಲ. ಖಾಸಗಿ ಎಲ್ಲಾ ಕೆಟ್ಟದ್ದು ಅಂತಲ್ಲ. ದುಡ್ಡು ಕೊಡೋ ಮುಂಚೆ ಪತ್ರ ನೋಡಿ, ಜಮೀನು ನೋಡಿ, ಹಾಸ್ಟೆಲ್ ಸೇರಿಸಿ ನಾಲ್ಕೂ ವರ್ಷದ ಖರ್ಚು ಬರೆಸ್ಕೊಳ್ಳಿ.

ನಾಲ್ಕನೇದು, ಮಾಮೂಲಿ ದಿನ ಹೋಗಿ ಕಾಲೇಜು ನೋಡ್ಕೊಂಡು ಬನ್ನಿ, ಕೃಷಿ ಮೇಳದ ದಿನ ಬೇಡ. ಕೊನೇ ವರ್ಷದ ಮಕ್ಕಳು ಹಳ್ಳಿಗಳಿಗೆ ಬಂದು ಉಳ್ಕೊಂಡು ಕೆಲಸ ಕಲೀತಾರಲ್ಲ, ಅವರನ್ನ ಕೂರಿಸ್ಕೊಂಡು ಕೇಳಿ. ಮೇಷ್ಟ್ರು ಸಾಕಷ್ಟು ಇದಾರಾ, ಹೆಣ್ಣುಮಕ್ಕಳ ಹಾಸ್ಟೆಲ್ ಹೇಗಿದೆ, ಮುಂದೆ ಎಂಎಸ್ಸಿಗೆ ಎಷ್ಟು ಜನ ಹೋಗ್ತಾರೆ. ಅವರು ಹೇಳೋದು ಯಾವ ಜಾಹೀರಾತಲ್ಲೂ ಸಿಗಲ್ಲ.

ಕೊನೇದಾಗಿ ಕೃಷಿಕರ ಕೋಟಾ. ಇದು ನಮಗೇ ಇರೋದು ಕಣ್ರಪ್ಪ. ಸಿಇಟಿ ಅರ್ಜಿ ತುಂಬುವಾಗ್ಲೇ ಕೇಳ್ಕೋಬೇಕು, ಸರ್ಟಿಫಿಕೇಟ್ ಕೈಯಲ್ಲಿರ್ಬೇಕು. ಇದಕ್ಕೆ ಪ್ರಾಕ್ಟಿಕಲ್ ಪರೀಕ್ಷೆನೂ ಉಂಟು, ಬೀಜ, ಬೆಳೆ, ಉಪಕರಣ ಗುರುತಿಸ್ಬೇಕು. ಮಗು ಗದ್ದೆಗಿಳಿದಿದ್ರೆ ಸಲೀಸು. ಆದ್ರೆ ನಮ್ಮಲ್ಲಿ ಎಷ್ಟು ಮಕ್ಕಳಿಗೆ ಹಾರಕ, ನವಣೆ ಬೇರೆ ಮಾಡಿ ಹೇಳೋಕೆ ಬರುತ್ತೆ?

ಮುಂದಿನ ವರ್ಷ ಪರೀಕ್ಷೆ ಬರೆಸೋರು ನಾಡಕಚೇರಿ ಕೆಲಸ ಈಗ್ಲೇ ಶುರುಮಾಡಿ. ಈ ಭಾನುವಾರ ಮಕ್ಕಳನ್ನ ಗದ್ದೆ ಹತ್ರ ಕರ್ಕೊಂಡೋಗಿ.