ಚೀಲದೊಳಗಿನ ಸಂಸಾರ

ಶಾಲೆಯ ಮಕ್ಕಳು ಹೊರುವ ಚೀಲದ ಭಾರವನ್ನು ಕುರಿತು ದೊಡ್ಡವರು ಆಡಿರುವ ಮಾತುಗಳನ್ನೆಲ್ಲ ಒಂದೆಡೆ ಕಲೆಹಾಕಿದರೆ ಅದೇ ಒಂದು ಹೊರೆಯಾದೀತು. ಮೈಸೂರಿನಲ್ಲಿ ಬಾಳಿದ ಕಾದಂಬರಿಕಾರ ಆರ್. ಕೆ. ನಾರಾಯಣ್ ಅವರು ರಾಜ್ಯಸಭೆಯಲ್ಲಿ ಈ ಮಾತನ್ನೆತ್ತಿದರು. ಅನಂತರ ಯಶಪಾಲ್ ಸಮಿತಿ ಕುಳಿತು ೧೯೯೩ರಲ್ಲಿ ವರದಿಯನ್ನೊಪ್ಪಿಸಿತು. ೨೦೧೯ರಲ್ಲಿ ನಮ್ಮ ರಾಜ್ಯ ಸರ್ಕಾರ ಸುತ್ತೋಲೆ ಹೊರಡಿಸಿ, ಚೀಲದ ತೂಕ ಮಗುವಿನ ತೂಕದ ನೂರಕ್ಕೆ ಹತ್ತು ಪಾಲನ್ನು ಮೀರಬಾರದೆಂದೂ, ಮೂರರಿಂದ ಐದನೆಯ ತರಗತಿಯವರೆಗೆ ಎರಡರಿಂದ ಮೂರು ಕಿಲೋ ಸಾಕೆಂದೂ ಗೊತ್ತುಮಾಡಿತು. ಎಲ್ಲವೂ ಒಳ್ಳೆಯ ಮಾತೇ. ಆದರೆ ಆ ಚೀಲದ ಒಳಗೆ ನಡೆಯುವ ಸಂಸಾರವನ್ನು ಇಣಿಕಿ ನೋಡಿದವರು ಕಡಮೆ.

ನಮ್ಮ ಮನೆಯಲ್ಲಿ ಐದನೆಯ ತರಗತಿಯ ಮೊಮ್ಮಗನೊಬ್ಬನಿದ್ದಾನೆ. ಬುದ್ಧಿಗೆ ಕೊರತೆಯಿಲ್ಲ; ಲೆಕ್ಕವನ್ನು ಬಾಯಲ್ಲೇ ಮಾಡಿ ಮುಗಿಸುತ್ತಾನೆ. ಆದರೆ ಮಾಡಿದ ಲೆಕ್ಕದ ಪುಸ್ತಕ ಶಾಲೆಯನ್ನು ತಲಪುವುದೋ ಇಲ್ಲವೋ ಎಂಬುದು ಮಾತ್ರ ಅವನ ಅದೃಷ್ಟಕ್ಕೆ ಬಿಟ್ಟದ್ದು. ಈ ವರ್ಷ ಆಷಾಢದ ಹೊತ್ತಿಗೆ ಅವನಿಗೆ ಗುರುವಾರ ಬೆಳಗ್ಗೆ ಹೊಟ್ಟೆನೋವು ಬರತೊಡಗಿತು. ಓಮದ ಕಷಾಯ ಕುಡಿಸಿದ್ದಾಯಿತು. ಮುಂದಿನ ವಾರವೂ ನೋವು ಗುರುವಾರವನ್ನೇ ಆರಿಸಿಕೊಂಡು ಬಂದಾಗ, ಪಂಚಾಂಗ ನೋಡಿ ಬರುವ ಕಾಯಿಲೆಗೆ ಬೇರೆಯೇ ಕಾರಣವಿರಬೇಕೆಂದು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ.

ಗುರುವಾರ ಲೆಕ್ಕದ ಮನೆಗೆಲಸ ಒಪ್ಪಿಸುವ ದಿನವಂತೆ. ಪುಸ್ತಕ ತಾರದವರು ತರಗತಿಯ ಹೊರಗೆ ನಿಲ್ಲಬೇಕು. ಅವನು ಎರಡು ಗುರುವಾರ ನಿಂತಿದ್ದನು.

"ನಾನು ಬರ್ದಿದ್ದೆ ಅಜ್ಜಿ. ಪುಸ್ತಕ ಮಂಚದ ಕೆಳಗಿತ್ತು. ಸುಳ್ಳು ಹೇಳ್ತಿದೀಯ ಅಂದ್ರು."

ನಿಂತುದಕ್ಕೆ ಅವನಿಗೆ ಅಷ್ಟು ದುಃಖವಿರಲಿಲ್ಲ. ನಿಜ ಹೇಳಿ ಸುಳ್ಳನೆನಿಸಿಕೊಂಡ ಹುಡುಗ, ಈಗ ಹೊಟ್ಟೆ ಹಿಡಿದುಕೊಂಡು ನಿಜವಾಗಿಯೇ ಸುಳ್ಳು ಹೇಳುವುದನ್ನು ಕಲಿಯುತ್ತಿದ್ದನು. ನನಗೆ ಚಿಂತೆ ಹತ್ತಿದ್ದು ಅಲ್ಲಿಯೇ.

ಭಾನುವಾರ ನಡುಮನೆಯಲ್ಲಿ ಜಮಖಾನ ಹಾಸಿ, ಅದಕ್ಕೆ ಮುಂಚೆ ಚೀಲವನ್ನು ಅವನ ಬೆನ್ನಿಗೇರಿಸಿ ತೂಕದ ಯಂತ್ರದ ಮೇಲೆ ನಿಲ್ಲಿಸಿದೆವು. ಹುಡುಗನೊಬ್ಬನೇ ನಿಂತರೆ ೨೮ ಕಿಲೋ, ಚೀಲಸಹಿತ ೩೩. ಸರ್ಕಾರದ ಲೆಕ್ಕದಲ್ಲಿ ಮೂರು ಕಿಲೋ ಸಹ ಇರಬಾರದಾಗಿದ್ದ ಚೀಲ ಐದು ಕಿಲೋ ತೂಗಿತು! ಬಳಿಕ ಜಮಖಾನದ ಮೇಲೆ ಸುರಿದೆವು. ತುಂಡು ಪೆನ್ಸಿಲ್ಲುಗಳು ಹದಿಮೂರು, ಮುಚ್ಚಳವಿಲ್ಲದ ಪೆನ್ನುಗಳು, ಹುಣಿಸೆಬೀಜ, ಒಂದು ಕಾಲುಚೀಲ (ಅದರ ಜೊತೆಯದನ್ನು ನನ್ನ ಸೊಸೆ ಹದಿನೈದು ದಿನಗಳಿಂದ ಹುಡುಕುತ್ತಿದ್ದಳು), ಮುಗಿದುಹೋದ ಪೋಷಕರ ಸಭೆಗೆ ಬರಬೇಕೆಂಬ ಮುದ್ದೆಯಾದ ಆಹ್ವಾನ, ಮತ್ತು ವಾರದ ಆರು ದಿನಗಳಿಗೆ ಬೇಕಾಗುವ ಸಮಸ್ತ ಪಠ್ಯಪುಸ್ತಕಗಳು. ಸೋಮವಾರ ಚಿತ್ರಕಲೆಯಿಲ್ಲ, ಆದರೂ ಚಿತ್ರದ ಪುಸ್ತಕ ಇತ್ತು.

"ಇದೆಲ್ಲ ಯಾಕೋ?" ಎಂದೆ.

"ಮರೆತ್ರೆ ಅಂತ" ಎಂದನು.

ಯಾವ ಸಮಿತಿಯ ವರದಿಗಿಂತಲೂ ಈ ಎರಡು ಮಾತು ನನಗೆ ಹೆಚ್ಚು ತಿಳಿಸಿತು. ನಾಳೆ ಏನು ಬೇಕೆಂಬುದು ಗೊತ್ತಿಲ್ಲದ ಮಗು ಎಲ್ಲವನ್ನೂ ಹೊರುತ್ತದೆ. ಹಾಗೆ ಹೊತ್ತ ರಾಶಿಯಲ್ಲಿ ಬೇಕಾದ ಒಂದು ಪುಸ್ತಕ ಇಲ್ಲದಿರುವುದು ಅದಕ್ಕೆ ಕಾಣುವುದೇ ಇಲ್ಲ.

ಪುಸ್ತಕಗಳಿಗೆಲ್ಲ ಒಂದೇ ಬಗೆಯ ಕಂದು ಕಾಗದದ ಹೊದಿಕೆ ಇರಬೇಕೆಂಬುದು ಶಾಲೆಯ ನಿಯಮ. ಶಿಸ್ತು ಕಣ್ಣಿಗೆ ಚೆಂದವೇನೋ ಸರಿ, ಆದರೆ ಹನ್ನೆರಡು ಪುಸ್ತಕಗಳು ಒಂದೇ ತಾಯಿಯ ಮಕ್ಕಳಂತೆ ಕಂಡರೆ ಅವಸರದಲ್ಲಿ ಕನ್ನಡ ಯಾವುದು, ಪರಿಸರ ಯಾವುದು? ಹೆಸರಿನ ಚೀಟಿ ಮುಖದ ಮೇಲಿರುತ್ತದೆ. ಗೂಡಿನಲ್ಲಿ ನಮಗೆ ಕಾಣುವುದು ಬೆನ್ನು. ಆದುದರಿಂದ ಪುಸ್ತಕದ ಬೆನ್ನಿಗೆ ಬಣ್ಣದ ಕಾಗದದ ಪಟ್ಟಿ ಅಂಟಿಸಿದೆವು. ಲೆಕ್ಕಕ್ಕೆ ಕೆಂಪು, ಕನ್ನಡಕ್ಕೆ ಹಳದಿ, ಹೀಗೆ. ಪಠ್ಯಕ್ಕೂ ನೋಟುಪುಸ್ತಕಕ್ಕೂ ಒಂದೇ ಬಣ್ಣವಾದ್ದರಿಂದ ಒಂದನ್ನು ತೆಗೆದರೆ ಇನ್ನೊಂದು ತಾನೇ ನೆನಪಿಗೆ ಬರುತ್ತದೆ. ಬಣ್ಣಗಳನ್ನು ಆರಿಸಿದವನು ಅವನೇ. ವೇಳಾಪಟ್ಟಿಯಲ್ಲಿಯೂ ಅವೇ ಬಣ್ಣಗಳನ್ನು ಬಳಿದು, ತನ್ನ ಕೈಗೆಟಕುವ ಕೆಳಗಿನ ಗೂಡಿನ ಬಾಗಿಲಿಗೆ ಅಂಟಿಸಿದನು. ಸಂಜೆ ಚೀಲದಲ್ಲಿರುವುದೆಲ್ಲ ಆ ಗೂಡಿಗೆ ಇಳಿಯಬೇಕು. ರಾತ್ರಿ ಊಟವಾದ ಮೇಲೆ ನಾಳೆಯ ಬಣ್ಣಗಳು ಮಾತ್ರ ಏರಬೇಕು. ದಪ್ಪ ಪುಸ್ತಕ ಬೆನ್ನಿನ ಕಡೆಗೆ, ತಿಂಡಿಡಬ್ಬಿ ಮುಂದಕ್ಕೆ, ಸಹಿಯಾಗಬೇಕಾದ ಕಾಗದಗಳಿಗೆ ಒಂದು ರಟ್ಟಿನ ಕಡತ.

ಸೊಸೆಗೆ ಇದು ಬಳಸುದಾರಿಯಾಗಿ ತೋರಿತು. "ಅತ್ತೆ, ನಾನಾದ್ರೆ ಐದು ನಿಮಿಷದಲ್ಲಿ ಜೋಡಿಸಿಬಿಡ್ತೀನಿ" ಎಂದಳು. ಅವಳ ಮಾತಿನಲ್ಲಿ ಅರ್ಥವಿತ್ತು. ಬೆಳಗ್ಗೆ ಆರಕ್ಕೆ ಎದ್ದು ಎರಡು ಡಬ್ಬಿ ಕಟ್ಟಿ, ಒಂಬತ್ತಕ್ಕೆ ಕಚೇರಿಗೆ ಹೊರಡುವವಳಿಗೆ ಹುಡುಗನ ಆಮೆಯ ನಡಿಗೆಯನ್ನು ನೋಡುತ್ತ ಕೂರುವ ತಾಳ್ಮೆ ಎಲ್ಲಿಂದ ಬರಬೇಕು? ರಾತ್ರಿ ಒಂಬತ್ತಕ್ಕೆ ತಾಯಂದಿರ ವಾಟ್ಸ್‌ಆ್ಯಪ್ ಗುಂಪಿನಲ್ಲಿ "ನಾಳೆ ಏನು ತರಬೇಕಂತೆ?" ಎಂಬ ಪ್ರಶ್ನೆ ಹಾರಾಡುವಾಗ, ಐದನೆಯ ತರಗತಿ ಓದುತ್ತಿರುವವರು ತಾಯಂದಿರೇ ಎಂಬ ಭ್ರಮೆ ನನಗಾಗುವುದುಂಟು. ಕಡೆಗೆ ಒಂದು ಒಪ್ಪಂದವಾಯಿತು: ಅವನು ಬಣ್ಣ ಓದಿ ಹೇಳಿ ಪುಸ್ತಕ ಇಡುವನು; ಹತ್ತಿರ ಕುಳಿತು ಕೇಳುವುದು ನನ್ನ ಕೆಲಸ; ಚೀಲಕ್ಕೆ ಯಾರೂ ಕೈಹಾಕುವಂತಿಲ್ಲ.

ಆ ಒಪ್ಪಂದಕ್ಕೆ ಪರೀಕ್ಷೆ ಬೇಗನೆ ಬಂತು. ಮೂರನೆಯ ಬುಧವಾರ ರಾತ್ರಿ ಕ್ರಿಕೆಟ್ ಪಂದ್ಯದ ಗಲಾಟೆಯಲ್ಲಿ ಅವನು ಕೆಂಪು ನೋಟುಪುಸ್ತಕವನ್ನು ಊಟದ ಮೇಜಿನ ಮೇಲೆಯೇ ಬಿಟ್ಟು ಮಲಗಿದನು. ಅದು ನನಗೆ ಕಾಣುತ್ತಿತ್ತು, ಸೊಸೆಗೂ ಕಾಣುತ್ತಿತ್ತು. ಸುಮ್ಮನಿರುವುದು ನಮ್ಮಿಬ್ಬರಿಗೂ ಸುಲಭವಾಗಿರಲಿಲ್ಲ. ಇನ್ನೊಂದು ಸಲ ಹೊರಗೆ ನಿಂತರೆ ಹುಡುಗನ ಮನಸ್ಸು ಮುರಿದೀತೆಂದು ಅವಳು. ಎತ್ತಿ ಚೀಲಕ್ಕೆ ಹಾಕಿದರೆ ಇಷ್ಟು ದಿನದ ಶ್ರಮ ನೀರಿನಲ್ಲಿ ಹೋಮವೆಂದು ನಾನು. ಪುಸ್ತಕ ಮೇಜಿನ ಮೇಲೆಯೇ ಬೆಳಗು ಕಂಡಿತು. ಎಂಟು ಗಂಟೆಗೆ ಬೂಟಿನ ದಾರ ಕಟ್ಟುತ್ತಿದ್ದವನು ತಟ್ಟನೆ ತಲೆಯೆತ್ತಿ, "ಇವತ್ತು ಎರಡು ಕೆಂಪು ಬೇಕಲ್ವಾ, ಒಂದೇ ಇಟ್ಟೆ!" ಎನ್ನುತ್ತ ಒಂದೇ ಕಾಲಿನ ಬೂಟಿನಲ್ಲಿ ಮನೆಯೆಲ್ಲ ಓಡಾಡಿ ಅದನ್ನು ಹಿಡಿದು ತಂದನು. ಸೊಸೆ ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಗ್ಗರಣೆಯ ಹೊಗೆಯೆಂದಳು, ಒಲೆ ಹಚ್ಚಿರಲಿಲ್ಲ.

ಈಗ ಚೀಲ ಮೂರೂಕಾಲು ಕಿಲೋ ತೂಗುತ್ತದೆ, ಇನ್ನೂ ಹೆಚ್ಚೇ. ನೀರಿನ ಸೀಸೆಯನ್ನು ಶಾಲೆಯಲ್ಲಿ ತುಂಬಿಕೊಳ್ಳುವಂತಾದರೆ ಇಳಿದೀತು, ಆದರೆ ಅದು ನಮ್ಮ ಕೈಯಲ್ಲಿಲ್ಲ. ಹೊಟ್ಟೆನೋವು ಮತ್ತೆ ಬಂದಿಲ್ಲ. ಮೊನ್ನೆ ಶುಕ್ರವಾರ ರಾತ್ರಿ ನಾನು ಕರೆಯುವ ಮೊದಲೇ ಗೂಡಿನ ಮುಂದೆ ಕುಳಿತಿದ್ದನು. ಮರುದಿನ ತಿಂಗಳಿಗೊಮ್ಮೆ ಬರುವ ಚೀಲವಿಲ್ಲದ ಶನಿವಾರ. ಅವನು ಬಹಳ ಹೊತ್ತು ವೇಳಾಪಟ್ಟಿಯನ್ನು ನೋಡಿ, ಪೆನ್ಸಿಲ್ಲಿನಿಂದ "ಏನೂ ಇಲ್ಲ" ಎಂದು ಬರೆದು, ಅದರ ಮುಂದೆ ಸರಿ ಗುರುತನ್ನೂ ಹಾಕಿ, ಮಲಗಲು ಹೋದನು.