ಮೂಕವಾದ ಆಟ

ಅಮೆರಿಕದಲ್ಲಿರುವ ನನ್ನ ಸೋದರಳಿಯನಿಗೆ ಹಳೆಯ ಆಟದ ಯಂತ್ರಗಳ ಹುಚ್ಚು. ನಾನು ಹೋದಾಗ 1978ರ ಜಪಾನೀ ಆಟ ‘ಸ್ಪೇಸ್ ಇನ್ವೇಡರ್ಸ್’ನ ಸರ್ಕ್ಯೂಟ್ ಬೋರ್ಡು ಮೇಜಿನ ಮೇಲಿತ್ತು. ಚಿತ್ರ ಮೂಡುತ್ತಿತ್ತು, ಸದ್ದಿಲ್ಲ.

“ಮಾವ, ನಾಲ್ಕೇ ಸ್ವರ ಇದರ ಜೀವ. ಶತ್ರುಗಳು ಕಡಿಮೆಯಾದಂತೆ ಅವುಗಳ ಓಟ ಹೆಚ್ಚುತ್ತದೆ, ಆಡುವವನ ಎದೆಬಡಿತವೂ!”

ಅವನು ಕೊನೆಯಿಂದ ಹಿಂದಕ್ಕೆ ಹುಡುಕುತ್ತ ಬಂದ. ಸ್ಪೀಕರಿಗೆ ಒಂದೂವರೆ ವೋಲ್ಟಿನ ಸೆಲ್ ತಾಕಿಸಿದ, ‘ಟಕ್’ ಎಂದಿತು. ಆಂಪ್ಲಿಫೈಯರೂ ಗುಂಯ್‌ಗುಟ್ಟಿತು. ಸ್ವರ ಹುಟ್ಟುವಲ್ಲಿಯೂ ಕೊರತೆಯಿಲ್ಲ. ಎರಡರ ನಡುವಿನ ಪುಟ್ಟ ಕೆಪಾಸಿಟರೊಂದು ಒಣಗಿಹೋಗಿತ್ತು. ಬದಲಿಸಿದ, ಯಂತ್ರ ಗುಡುಗಿತು.

ತರಗತಿಯ ಕೊನೆಯ ಬೆಂಚಿನ ಮೌನಿಗಳನ್ನು ಕಂಡು, ‘ಇವರ ತಲೆಯಲ್ಲೇನೂ ಇಲ್ಲ’ ಎನ್ನುವುದು ನಮ್ಮ ಅಧ್ಯಾಪಕರಲ್ಲಿ ವಾಡಿಕೆ. ಸ್ವರವೂ ಇದ್ದೀತು, ಗಂಟಲೂ ಇದ್ದೀತು. ನಡುವಿನ ದಾರಿ ಒಣಗಿರಬಹುದು.