ಸರ್ವರ್ ಉತ್ತರಿಸುತ್ತಿಲ್ಲ, ಪ್ರಯತ್ನ ನಡೆದಿದೆ

ರೆಡ್ ಹ್ಯಾಟ್ ಲಿನಕ್ಸ್‌ನ ಇನ್‌ಸ್ಟಾಲರ್‌ಗೆ ಅನಕೊಂಡ ಎಂದು ಹೆಸರು. ಪೈಥಾನ್ ಭಾಷೆಯಲ್ಲಿ ಬರೆದದ್ದಕ್ಕೆ ಹಾವಲ್ಲದೆ ಬೇರೆ ಹೆಸರು ಹೊಳೆಯಲಿಲ್ಲವೋ ಏನೋ. ಬೇರೆ ಕಂಪ್ಯೂಟರಿನಲ್ಲಿರುವ ಫೈಲುಗಳಿಂದ ಇನ್‌ಸ್ಟಾಲ್ ಮಾಡಲು ಹೊರಟಾಗ ಏನೇ ಕೆಟ್ಟರೂ ಈ ಹಾವು ಬುಸುಗುಟ್ಟುತ್ತಿದ್ದುದು ಒಂದೇ ಮಾತು: ಆ ಡೈರೆಕ್ಟರಿಯನ್ನು ಸರ್ವರ್‌ನಿಂದ ಮೌಂಟ್ ಮಾಡಲಾಗಲಿಲ್ಲ. ಯಾಕೆ ಅಂತ ಕೇಳುವ ಹಾಗಿಲ್ಲ. ಕೆಳಗೆ ‘ಓಕೆ’ ಅಂತ ಒಂದು ಗುಂಡಿ. ಒತ್ತದೆ ಬೇರೆ ದಾರಿಯಿಲ್ಲ.

2003ರಲ್ಲಿ ಮಲೆನಾಡಿನ ಅಂಚಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ನನಗೆ ಕೆಲಸ. ರೆಡ್ ಹ್ಯಾಟ್ 9 ಮೂರು ಸಿಡಿಗಳಲ್ಲಿ ಬರುತ್ತಿತ್ತು. ಲ್ಯಾಬಿನ ಸಿಡಿ ಡ್ರೈವುಗಳೋ ಮಳೆಗಾಲದ ತೇವಕ್ಕೆ ಸೊರಗಿದ್ದವು. ಎರಡನೇ ಸಿಡಿ ಮುಗಿಯುವ ಹೊತ್ತಿಗೆ ಯಾವುದಾದರೊಂದು ಕೈಕೊಡುವುದು ಖಂಡಿತ. ಹಾಗಾಗಿ ಸಿಡಿಗಳನ್ನೆಲ್ಲ ಸರ್ವರಿಗೆ ಸುರಿದು, ಒಂದು ಬೂಟ್ ಫ್ಲಾಪಿ, ನೆಟ್‌ವರ್ಕ್ ಡ್ರೈವರಿನ ಇನ್ನೊಂದು ಫ್ಲಾಪಿ ಹಿಡಿದು ಸರ್ವರಿನ ಡೈರೆಕ್ಟರಿಯನ್ನು ನೆಟ್‌ವರ್ಕಿನ ಬೇರೆ ಯಂತ್ರಗಳಿಗೆ ಒದಗಿಸುವ ಎನ್‌ಎಫ್‌ಎಸ್ ಮೂಲಕ ಇನ್‌ಸ್ಟಾಲ್ ಮಾಡುವ ಪದ್ಧತಿ ಶುರುವಾಯಿತು.

ನಮ್ಮ ಹಿರಿಯ ಇನ್‌ಸ್ಟ್ರಕ್ಟರ್ ಮೊದಲ ದಿನವೇ ಹೇಳಿದ್ದರು: “ಎದುರಿನ ಪರದೆ ಹೇಳೋದನ್ನ ಕೇಳ್ಬೇಡ ಮಾರಾಯ. ಆಲ್ಟ್ ಎಫ್ ಮೂರು ಒತ್ತು.” ಒತ್ತಿದರೆ ಹಿಂದೆ ಅಡಗಿದ್ದ ಕಪ್ಪು ಪರದೆ, ಅದರಲ್ಲಿ ಅಸಲಿ ಕಾರಣ. ‘ಪರ್ಮಿಷನ್ ಡಿನೈಡ್’ ಎಂದಿದ್ದರೆ ಸರ್ವರ್ ಬದುಕಿದೆ, ಆದರೆ ಅದರ ಎಕ್ಸ್‌ಪೋರ್ಟ್ಸ್ ಕಡತದಲ್ಲಿ ನಮ್ಮ ಯಂತ್ರದ ವಿಳಾಸವಿಲ್ಲ. ‘ಪ್ರೋಗ್ರಾಮ್ ನಾಟ್ ರಿಜಿಸ್ಟರ್ಡ್’ ಅಂದರೆ ಸರ್ವರಿನಲ್ಲಿ ಎನ್‌ಎಫ್‌ಎಸ್ ಸೇವೆಯನ್ನೇ ಯಾರೂ ಶುರು ಮಾಡಿಲ್ಲ. ಏನೂ ಇಲ್ಲದೆ ಸುಮ್ಮನೆ ಕೂತಿದ್ದರೆ ಕೇಬಲ್ಲು, ಇಲ್ಲವೇ ಫೈರ್‌ವಾಲ್.

ಫೈರ್‌ವಾಲ್ ಕಾಟಕ್ಕೆ ಒಂದು ಕಾರಣವಿತ್ತು. ಎನ್‌ಎಫ್‌ಎಸ್‌ಗೆ 2049 ಎಂಬ ಗೊತ್ತಾದ ಪೋರ್ಟ್ ಇದೆ ನಿಜ. ಆದರೆ ಮೊದಲು ಬಾಗಿಲು ತೆಗೆಯಬೇಕಾದ ಮೌಂಟ್‌ಡಿ ಎಂಬುದು ಪ್ರತಿ ಸಂತೆಗೂ ಜಾಗ ಬದಲಿಸುವ ಬಳೆಗಾರನ ಹಾಗೆ. ಇವತ್ತು ಎಲ್ಲಿ ಕೂತಿದ್ದಾನೆಂದು 111ನೇ ಪೋರ್ಟಿನ ಪೋರ್ಟ್‌ಮ್ಯಾಪರನ್ನು ಕೇಳಿಯೇ ಹೋಗಬೇಕು. ಫೈರ್‌ವಾಲಿನಲ್ಲಿ 2049 ಒಂದನ್ನೇ ತೆರೆದು ಸಂಜೆತನಕ ತಲೆ ಕೆರೆದುಕೊಂಡವರನ್ನು ನಾನು ಕಂಡಿದ್ದೇನೆ. ಎಕ್ಸ್‌ಪೋರ್ಟ್ಸ್ ಕಡತದ ಕಿಡಿಗೇಡಿತನ ಇನ್ನೊಂದು ಬಗೆಯದು. ಯಂತ್ರದ ಹೆಸರಿಗೂ ಅದರ ಪಕ್ಕದ ಆವರಣ ಚಿಹ್ನೆಗೂ ನಡುವೆ ಒಂದು ಖಾಲಿ ಜಾಗ ಬಿದ್ದರೆ ಸಾಕು, ಆ ಯಂತ್ರಕ್ಕೆಂದು ಬರೆದ ಸವಲತ್ತು ಊರಿಗೆಲ್ಲ ಸಿಕ್ಕಿಬಿಡುತ್ತದೆ.

ಇಷ್ಟೆಲ್ಲ ಬೈದರೂ ಎನ್‌ಎಫ್‌ಎಸ್ ಬಗ್ಗೆ ನನಗೆ ಒಳಗೊಳಗೇ ಗೌರವ. 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನವರು ಇದನ್ನು ಕಟ್ಟಿದ ಕಾಲಕ್ಕೆ ಡಿಸ್ಕ್ ದುಬಾರಿ. ಸ್ವಂತ ಡಿಸ್ಕೇ ಇಲ್ಲದ ವರ್ಕ್‌ಸ್ಟೇಷನ್‌ಗಳು ಎಲ್ಲವನ್ನೂ ಸರ್ವರಿನಿಂದಲೇ ತರಿಸಿಕೊಳ್ಳುತ್ತಿದ್ದವು. ಸರ್ವರ್ ಬಿದ್ದು ಎದ್ದರೆ ಗತಿಯೇನು? ಅವರ ಉತ್ತರ ಜಾಣತನದ್ದು: ಯಾರು ಯಾವ ಫೈಲ್ ತೆರೆದರು, ಎಲ್ಲಿಯವರೆಗೆ ಓದಿದರು ಎಂಬ ಲೆಕ್ಕವನ್ನು ಸರ್ವರ್ ಇಟ್ಟುಕೊಳ್ಳುವುದೇ ಬೇಡ. ಕೇಳುವವನೇ ಪ್ರತಿ ಸಲವೂ ಇಂಥ ಫೈಲು, ಇಂಥ ಜಾಗದಿಂದ, ಇಷ್ಟು ಬೈಟು ಎಂದು ಪೂರ್ತಿ ಹೇಳಲಿ. ಉತ್ತರ ಬರದಿದ್ದರೆ ಮತ್ತೆ ಕೇಳಲಿ.

ಇದರ ಬೆಲೆ ನನಗೆ ತಿಳಿದದ್ದು ಒಂದು ಜುಲೈ ಮಧ್ಯಾಹ್ನ, ಕರೆಂಟು ಹೋದಾಗ. ಕಂಪ್ಯೂಟರುಗಳೆಲ್ಲ ಯುಪಿಎಸ್ ಮೇಲೆ, ಕಾರಿಡಾರಿನ ಸ್ವಿಚ್ ಮಾತ್ರ ನೇರ ಕರೆಂಟಿನ ಮೇಲೆ. ಸಾಲು ಯಂತ್ರಗಳ ಇನ್‌ಸ್ಟಾಲೇಷನ್ ಒಟ್ಟಿಗೆ ಸ್ತಬ್ಧ. ಆಲ್ಟ್ ಎಫ್ ನಾಲ್ಕರ ಪರದೆಯಲ್ಲಿ ಕರ್ನಲ್ಲಿನ ಸಾಲು: ಸರ್ವರ್ ಉತ್ತರಿಸುತ್ತಿಲ್ಲ, ಪ್ರಯತ್ನ ನಡೆದಿದೆ. ರೀಬೂಟ್ ಮಾಡಹೊರಟವನ ಕೈ ಹಿಡಿದು ಇನ್‌ಸ್ಟ್ರಕ್ಟರ್ ಕ್ಯಾಂಟೀನಿಗೆ ಕರೆದೊಯ್ದರು. ಕಾಫಿ ಮುಗಿಸಿ ಬರುವಷ್ಟರಲ್ಲಿ ಕರೆಂಟು ಬಂದಿತ್ತು. ಸರ್ವರ್ ಓಕೆ ಎಂಬ ಇನ್ನೊಂದು ಸಾಲು ಮೂಡಿ, ಎಲ್ಲ ಯಂತ್ರಗಳೂ ಬಿಟ್ಟಲ್ಲಿಂದಲೇ ಪ್ಯಾಕೇಜು ಎಣಿಸುತ್ತಿದ್ದವು.

ತಾಳ್ಮೆಗೆ ಪರಿಹಾರವಾಗದ ತೊಂದರೆಗಳೂ ಇದ್ದವು. ಮುಂದೆ ಡಿವಿಡಿ ಬಂತು, 4.7 ಗಿಗಾಬೈಟಿನದು. ಅದರ ಪ್ರತಿಯನ್ನು ಒಂದೇ ಫೈಲಾಗಿ ಸರ್ವರಿನಲ್ಲಿಟ್ಟೆವು. ಮೌಂಟ್ ಆಯಿತು, ಇನ್‌ಸ್ಟಾಲ್ ಆಗಲೊಲ್ಲದು. ಪತ್ತೆ ಹಚ್ಚಿದರೆ, ಹಳೆಯ ಸರ್ವರ್ ಎನ್‌ಎಫ್‌ಎಸ್‌ನ ಎರಡನೇ ಆವೃತ್ತಿಯಲ್ಲೇ ನಿಂತಿತ್ತು. ಆ ಆವೃತ್ತಿಗೆ ಒಂದು ಫೈಲಿನ ಮೊದಲ 2 ಗಿಗಾಬೈಟಿನಾಚೆ ಓದಲು ಬಾರದು. ಅದನ್ನು ರೂಪಿಸಿದ ಕಾಲಕ್ಕೆ ಇಡೀ ಡಿಸ್ಕೇ ಅಷ್ಟಿರಲಿಲ್ಲ, ಅವರನ್ನೇಕೆ ದೂರಲಿ? 1995ರ ಮೂರನೇ ಆವೃತ್ತಿ ಆ ಮಿತಿಯನ್ನು ತೆಗೆದಿತ್ತು, ಆದ್ದರಿಂದ ಸರ್ವರಿನ ಸಾಫ್ಟ್‌ವೇರ್ ಬದಲಿಸಿದೆವು. ನಾಲ್ಕನೆಯದು ಬಳೆಗಾರನನ್ನೂ 2049ರಲ್ಲೇ ಕೂರಿಸಿತು.

ಆಗಿನ ಒಬ್ಬ ವಿದ್ಯಾರ್ಥಿ ಈಗ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಈಚೆಗೆ ಫೋನ್ ಮಾಡಿದ್ದ. “ಸಾರ್, ಎನ್‌ಎಫ್‌ಎಸ್ ನೇತಾಡ್ತಾ ಕೂತಿದೆ. ಸಾಫ್ಟ್ ಮೌಂಟ್ ಮಾಡ್ಬಿಡ್ಲಾ? ಸ್ವಲ್ಪ ಹೊತ್ತು ನೋಡಿ ಕೈ ಬಿಡುತ್ತಲ್ಲ.”

“ಬರೀ ಓದೋದಾದ್ರೆ ಮಾಡಪ್ಪ. ಬರೆಯೋದೂ ಇದ್ದರೆ ಬೇಡ. ನಡುವೆ ಕೈ ಬಿಟ್ಟರೆ ಡೇಟಾ ಸದ್ದಿಲ್ಲದೆ ಕೆಡಬಹುದು.”

“ಮತ್ತೆ ಏನ್ ಮಾಡ್ಲಿ ಸಾರ್?”

“ಸ್ವಿಚ್‌ಗೆ ಕರೆಂಟ್ ಇದೆಯಾ ನೋಡು,” ಎಂದೆ.